ಪುಡಿ ಅದೇ, ಫಿಲ್ಟರ್ ಅದೇ

ಮದುವೆಯಾದ ಹೊಸತರಲ್ಲಿ ನಾನು ಮಾಡಿಕೊಟ್ಟ ಕಾಫಿಯನ್ನು ಹೆಂಡತಿ ಎರಡು ಗುಟುಕು ಕುಡಿದು, ಲೋಟ ಕೆಳಗಿಟ್ಟು, "ನಮ್ಮ ಊರಿನಲ್ಲಿ ಇಂಥದ್ದನ್ನು ಎಮ್ಮೆಯ ಮುಂದೆ ಇಡುತ್ತಾರೆ" ಎಂದಿದ್ದಳು. ಕಲಗಚ್ಚು ಎಂಬ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದಳು. ಅವಳು ಕೊಪ್ಪದ ಕಡೆಯವಳು; ಹಿತ್ತಿಲ ಬೇಲಿ ದಾಟಿದರೆ ಕಾಫಿ ಗಿಡ. ನಾನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕಿದವನು. ಅಡುಗೆ ಅವಳದು, ಬೆಳಗಿನ ಕಾಫಿ ನನ್ನದು ಎಂದು ಮೊದಲ ವಾರದಲ್ಲೇ ಒಪ್ಪಂದವಾಗಿಬಿಟ್ಟಿದ್ದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಕಾಫಿ ಕೆಟ್ಟರೆ ನಾವೆಲ್ಲ ಮೊದಲು ಬೈಯುವುದು ಪುಡಿಯನ್ನು. ನಾನೂ ಅದನ್ನೇ ಮಾಡಿದೆ. ಗಾಂಧಿಬಜಾರಿನ ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಮಲ್ಲೇಶ್ವರಕ್ಕೆ, ಯಾರೋ ಹೇಳಿದರೆಂದು ಮೈಸೂರಿಗೆ ಹೋದವರ ಕೈಯಲ್ಲಿ ತರಿಸಿದ್ದಕ್ಕೆ. ವರ್ಷಗಟ್ಟಲೆ ಪುಡಿ ಬದಲಾಯಿತು, ಕಾಫಿ ಬದಲಾಗಲಿಲ್ಲ. ಈ ಅಲೆದಾಟದಿಂದ ಒಂದು ಉಪಕಾರವಂತೂ ಆಯಿತು: ಪೊಟ್ಟಣದ ಮೇಲೆ ಬರೆದಿರುವುದನ್ನು ಓದುವ ಅಭ್ಯಾಸ. ನಾನು ಬಹುಕಾಲ ನಂಬಿಕೊಂಡಿದ್ದ ಪೊಟ್ಟಣದ ಹಿಂಬದಿಯಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಕಾಫಿ 53, ಚಿಕೋರಿ 47 ಎಂದಿತ್ತು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಶೇಕಡ 51ರಷ್ಟು ಕಾಫಿ ಇದ್ದರೆ ಸಾಕು, ಆದ್ದರಿಂದ ತಯಾರಿಸಿದವರದೇನೂ ತಪ್ಪಿಲ್ಲ. ಓದದೆ ಕುಡಿದವನದು ತಪ್ಪು.

ಚಿಕೋರಿಯನ್ನು ಹೀಗಳೆಯುವುದು ಈಚೆಗೆ ಒಂದು ದೊಡ್ಡಸ್ತಿಕೆಯಾಗಿದೆ. ನನಗೆ ಅದರ ಮೇಲೆ ದ್ವೇಷವಿಲ್ಲ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಕೆಫೀನ್ ಇಲ್ಲ, ಬಣ್ಣ ಮತ್ತು ಮಂದತನ ಕೊಡುತ್ತದೆ, ಹಾಲಿನ ಜೊತೆ ಹೊಂದಿಕೊಳ್ಳುತ್ತದೆ. ಆದರೆ ನೀರು ಬಿದ್ದೊಡನೆ ಅದು ಉಬ್ಬಿ ಅಂಟಂಟಾಗುತ್ತದೆ. ಅರ್ಧಕ್ಕರ್ಧ ಚಿಕೋರಿ ಇರುವ ಪುಡಿಯಲ್ಲಿ ಡಿಕಾಕ್ಷನ್ ಕಪ್ಪಗೆ ಕಾಣುತ್ತದೆ, ನಾಲಿಗೆಗೆ ಮಾತ್ರ ಸುಟ್ಟ ಬೆಲ್ಲದ ಹಾಗೆ. ಈಗ ನಾನು ಅಂಗಡಿಯಲ್ಲಿ ಕಣ್ಣೆದುರೇ ಬೀಸಿಸಿಕೊಂಡು ಬರುವುದು ನೂರಕ್ಕೆ ಹದಿನೈದು ಚಿಕೋರಿಯ ಪುಡಿ. ಉಳಿದದ್ದರಲ್ಲಿ ಎರಡು ಪಾಲು ಪ್ಲಾಂಟೇಷನ್ ಎ ಎಂಬ ದರ್ಜೆಯ ಬೀಜ, ಒಂದು ಪಾಲು ರೋಬಸ್ಟಾ ತಳಿಯದು. ಪ್ಲಾಂಟೇಷನ್ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ ತಳಿಯ ಬೀಜ, ಘಮ ಅದರದು. ಹಾಲು ಬಿದ್ದ ಮೇಲೂ ಕಾಫಿ ಎಂದು ಗೊತ್ತಾಗಬೇಕಾದರೆ ರೋಬಸ್ಟಾ ಬೇಕು. ಪೀಬೆರಿಯನ್ನೂ ಕೆಲವು ತಿಂಗಳು ತಂದೆ. ಹಣ್ಣಿನೊಳಗೆ ಚಪ್ಪಟೆಯಾದ ಎರಡು ಬೀಜಗಳ ಬದಲು ದುಂಡನೆಯ ಒಂದೇ ಬೀಜ ಇರುವುದು ಪೀಬೆರಿ. ನೋಡಲು ಚಂದ, ಬೆಲೆ ಜಾಸ್ತಿ. ಹಾಲು ಹಾಕಿ ಕುಡಿಯುವ ನನ್ನ ನಾಲಿಗೆಗೆ ವ್ಯತ್ಯಾಸ ಹತ್ತಲಿಲ್ಲ, ಬಿಟ್ಟೆ.

ಇಷ್ಟು ಮಾಡಿದ ಮೇಲೂ ಕಾಫಿಯಲ್ಲಿ ಏನೋ ಒಂದು ಅಪಸ್ವರ. ಒಂದು ದಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದಾಗ ಹೊಳೆಯಿತು: ಇಂಗು. ಕಾಫಿಪುಡಿಯ ಡಬ್ಬಿ, ಇಂಗಿನ ಡಬ್ಬಿ, ಸಾರಿನ ಪುಡಿಯ ಡಬ್ಬಿ ಮೂರೂ ಒಂದೇ ಗೂಡಿನಲ್ಲಿ ಸಂಸಾರ ಮಾಡಿಕೊಂಡಿದ್ದವು. ಕಾಫಿಪುಡಿ ಪಕ್ಕದ ಮನೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟು ನೋಡಿದೆ, ಅದು ಇನ್ನೂ ಕೆಟ್ಟ ಉಪಾಯ. ದಿನವೂ ಹೊರತೆಗೆದು ಮುಚ್ಚಳ ತೆರೆದಾಗ ತಣ್ಣನೆಯ ಪುಡಿಗೆ ಗಾಳಿಯ ತೇವ ತಗಲುತ್ತದೆ; ನಾಲ್ಕನೆಯ ದಿನಕ್ಕೆ ಪುಡಿ ಗಂಟುಗಂಟು. ಈಗ ಇನ್ನೂರು ಗ್ರಾಮಿಗಿಂತ ಹೆಚ್ಚು ತರುವುದೇ ಇಲ್ಲ. ಗಾಳಿಯಾಡದ ಸ್ಟೀಲ್ ಡಬ್ಬಿ, ಇಂಗಿನಿಂದ ಎರಡು ಗೂಡು ದೂರ. ವಾರಕ್ಕೊಮ್ಮೆ ಅಂಗಡಿಗೆ ನಡೆದು ಹೋಗುವುದು ವೈದ್ಯರು ಹೇಳಿದ ವ್ಯಾಯಾಮದ ಲೆಕ್ಕಕ್ಕೂ ಜಮಾ ಆಗುತ್ತದೆ.

ಇನ್ನು ಫಿಲ್ಟರಿನ ಕಥೆ. ರಾತ್ರಿ ಮಲಗುವ ಮುನ್ನ ಪುಡಿ ಹಾಕಿ ಬಿಸಿನೀರು ಹೊಯ್ದು, ಬೆಳಿಗ್ಗೆ ಐದೂವರೆಗೆ ಎದ್ದು ಮೇಲಿನ ಪಾತ್ರೆ ಎತ್ತಿದರೆ ಕೆಳಗೆ ಎರಡು ಚಮಚ ಡಿಕಾಕ್ಷನ್, ಮೇಲೆ ಕೆರೆಯಂತೆ ನಿಂತ ಕಪ್ಪು ನೀರು. ಈ ದೃಶ್ಯ ನೋಡದ ಮನೆ ನಮ್ಮ ಕಡೆ ಇರಲಾರದು. ತಟ್ಟುತ್ತೇವೆ, ಅಲ್ಲಾಡಿಸುತ್ತೇವೆ, ಕೊನೆಗೆ ಚಮಚ ಹಾಕಿ ಕಲಕಿ ಗಸಿಯನ್ನೆಲ್ಲ ಕೆಳಗಿಳಿಸಿಕೊಳ್ಳುತ್ತೇವೆ. ನಾನು ಮಾಡುತ್ತಿದ್ದ ತಪ್ಪು ಒತ್ತುವುದರಲ್ಲಿತ್ತು. ಕಡ್ಡಿಯಿರುವ ಒತ್ತುಬಿಲ್ಲೆಯನ್ನು, ಹೆಸರಿಗೆ ತಕ್ಕ ಹಾಗೆ, ಹೆಬ್ಬೆರಳ ಬಲವನ್ನೆಲ್ಲ ಬಿಟ್ಟು ಒತ್ತುತ್ತಿದ್ದೆ. ಒತ್ತಿದಷ್ಟೂ ಗಟ್ಟಿ ಡಿಕಾಕ್ಷನ್ ಎಂಬ ನಂಬಿಕೆ. ನಯವಾದ ಪುಡಿ, ಉಬ್ಬುವ ಚಿಕೋರಿ, ಮೇಲೆ ನನ್ನ ಹೆಬ್ಬೆರಳು, ನೀರಿಗೆ ದಾರಿಯೆಲ್ಲಿ?

ಮನೆಯ ಮಿಕ್ಸಿಯಲ್ಲಿ ಬೀಜ ಪುಡಿ ಮಾಡಿ ನೋಡಿದಾಗಲೂ ಇದೇ ಗತಿ. ಮಿಕ್ಸಿಯ ಅಲಗು ಬೀಜವನ್ನು ಅರೆಯುವುದಿಲ್ಲ, ಚಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟು ತೂತು ಮುಚ್ಚುತ್ತದೆ, ನುಚ್ಚು ಸತ್ವವನ್ನು ಬಿಟ್ಟುಕೊಡದೆ ಹಾಗೇ ಚರಟವಾಗಿ ಹೋಗುತ್ತದೆ. ಅಂಗಡಿಯ ಯಂತ್ರದಲ್ಲಿ ಬೀಸಿಸಿದ ಪುಡಿ ಬೆರಳ ನಡುವೆ ತಿಕ್ಕಿದರೆ ಸಣ್ಣ ರವೆಯ ಹಾಗೆ, ಒಂದೇ ಸಮನಾಗಿ ತಾಗುತ್ತದೆ. ನನಗೆ ಬೇಕಾದದ್ದು ಅದು. ಈಗ ಪುಡಿ ಹಾಕಿ, ಫಿಲ್ಟರಿನ ಪಕ್ಕವನ್ನು ಎರಡು ಸಲ ಮೆಲ್ಲನೆ ತಟ್ಟಿ ಸಮ ಮಾಡಿ, ಬಿಲ್ಲೆಯನ್ನು ಅದರ ಸ್ವಂತ ಭಾರಕ್ಕೆ ಕೂರಿಸುತ್ತೇನೆ. ಒತ್ತುವುದಿಲ್ಲ. ತೂತುಗಳನ್ನು ತಿಂಗಳಿಗೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಮುಚ್ಚಿದ್ದರೆ ನಿಂಬೆರಸ ಹಿಂಡಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಉಜ್ಜುತ್ತೇನೆ. ಅತ್ತೆಯ ವಿಧಾನ ಇನ್ನೂ ಸರಳ: ಮೇಲಿನ ಪಾತ್ರೆಯ ತಳವನ್ನು ನೇರ ಬೆಂಕಿಗೆ ಹಿಡಿದು ಒಳಗಿನ ಕಸವನ್ನು ಸುಟ್ಟುಬಿಡುವುದು. ಸ್ಟೀಲಿನದಾದರೆ ನಡೆಯುತ್ತದೆ, ಬಣ್ಣ ಹೋಗುತ್ತದೆ ಅಷ್ಟೆ.

ಅತ್ತೆಯ ಮನೆಯಲ್ಲೇ ನನ್ನ ಗಂಟು ಬಿಚ್ಚಿಕೊಂಡದ್ದು. ಅಲ್ಲಿ ಕುಡಿಯುವ ಕಾಫಿ ಚೆನ್ನಾಗಿರುವುದು ಮನೆಯ ತೋಟದ ಬೀಜದಿಂದ ಎಂದು ನಾನು ವಾದಿಸುತ್ತಿದ್ದೆ. ಅಲ್ಲ, ಮಾಡುವವರ ಕೈಗುಣದಿಂದ ಎಂದು ಹೆಂಡತಿ. ಒಂದು ಸಲ ಹಟಕ್ಕೆ ಬಿದ್ದು ನನ್ನ ಪುಡಿ, ನನ್ನ ಫಿಲ್ಟರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟೆ. ಅತ್ತೆ ನೋಡಿ ನಕ್ಕರು. "ಏನು, ನಮ್ಮ ಮನೆಯ ಕಾಫಿಗೆ ಅಷ್ಟು ಹೆದರಿದಿರಾ?" ಎಂದರು. ಮರುದಿನ ಬೆಳಿಗ್ಗೆ ಅವರ ಒಲೆಯ ಮುಂದೆ ನಿಂತು, ಬೆಂಗಳೂರಿನಲ್ಲಿ ಮಾಡುವ ಹಾಗೆಯೇ, ಅದೇ ಚಮಚದ ಅಳತೆಯಲ್ಲಿ ಡಿಕಾಕ್ಷನ್ ಇಳಿಸಿದೆ. ಅಲ್ಲಿಯ ಹಾಲು ಕೊಟ್ಟಿಗೆಯದು, ಅದರ ರುಚಿಯಿಂದ ಮೋಸ ಹೋಗಬಾರದೆಂದು ಬರೀ ಡಿಕಾಕ್ಷನ್ನನ್ನೇ ಅರ್ಧ ಚಮಚ ನಾಲಿಗೆಗೆ ಬಿಟ್ಟುಕೊಂಡೆ. ಕಹಿ ಇತ್ತು, ಅದರ ಹಿಂದೆ, ಕಿತ್ತಳೆಯ ಸಿಪ್ಪೆ ಮುರಿದಾಗ ಮೂಗಿಗೆ ಬರುತ್ತದಲ್ಲ, ಅಂಥ ಒಂದು ಎಳೆಹುಳಿ ಇತ್ತು. ಅದೇ ಪುಡಿಯಲ್ಲಿ ಬೆಂಗಳೂರಿನಲ್ಲಿ ಆ ಹುಳಿಯನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಪುಡಿ ಅದೇ, ಫಿಲ್ಟರ್ ಅದೇ, ಕೈಯೂ ಅದೇ. ಉಳಿದದ್ದು ನೀರು. ಅವರ ಮನೆಗೆ ಬರುವುದು ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ನಮ್ಮ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಇರುವುದು ಕೊಳವೆಬಾವಿಯ ನೀರು, ಬಂದ ದಿನ ಅದಕ್ಕೆ ಬೆರೆಯುವ ಕಾವೇರಿ. ವಾಪಸು ಹೊರಡುವಾಗ ಐದು ಲೀಟರಿನ ಕ್ಯಾನಿನಲ್ಲಿ ಆ ನೀರನ್ನು ತುಂಬಿಕೊಂಡೆ. ಮಾವಿನಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗುವ ಅಳಿಯಂದಿರನ್ನು ಕಂಡಿದ್ದ ಊರಿಗೆ ನೀರು ಹೊತ್ತುಕೊಂಡು ಹೋಗುವ ಅಳಿಯ ಹೊಸಬ. ಬೆಂಗಳೂರಿಗೆ ಬಂದವನೇ ಎದುರುಮನೆಯ ಫಿಲ್ಟರನ್ನು ಎರವಲು ತಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ಕೊಪ್ಪದ ನೀರು, ಇನ್ನೊಂದರಲ್ಲಿ ನಲ್ಲಿಯ ನೀರು ಹೊಯ್ದೆ. ಯಾವುದು ಯಾವುದೆಂದು ಹೇಳದೆ ಹೆಂಡತಿಯ ಮುಂದಿಟ್ಟರೆ, ಅವಳು ಒಂದನ್ನು ಕುಡಿದು "ಇದು ಅಮ್ಮನದು" ಎಂದಳು. ಅಮ್ಮ ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದರು.

ಕಾರಣ ದೊಡ್ಡ ರಹಸ್ಯವಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ಅದು ಕಾಫಿಯ ಹುಳಿಯನ್ನು ಅಡಗಿಸುತ್ತದೆ. ಹುಳಿ ಹೋದ ಕಾಫಿ ಉಪ್ಪು ಹಾಕದ ಸಾರಿನಂತೆ ಚಪ್ಪೆ. ಬಿಸಿನೀರಿನ ಪಾತ್ರೆಯ ತಳದಲ್ಲಿ ಸುಣ್ಣದಂತೆ ಕಟ್ಟುವ ಬಿಳಿ ಪದರವನ್ನು ಇಷ್ಟು ವರ್ಷ ಉಜ್ಜಿ ತೊಳೆಯುತ್ತಿದ್ದೆನೇ ಹೊರತು ಅದು ನನ್ನ ಕಾಫಿಗೂ ಸಂಬಂಧಿಸಿದ್ದೆಂದು ಯೋಚಿಸಿರಲಿಲ್ಲ. ಹಾಗೆಂದು ಶುದ್ಧೀಕರಣ ಯಂತ್ರದ ಆರ್‌ಒ ನೀರಿಗೆ ಹಾರಿದರೆ ಅದೂ ಸರಿಹೋಗಲಿಲ್ಲ. ಲವಣವೆಲ್ಲ ಹೋದ ಆ ನೀರಿನಲ್ಲಿ ಡಿಕಾಕ್ಷನ್ ತೆಳುವಾಗಿ, ಒಂದು ಬಗೆಯ ಮೊನಚು ಹುಳಿಯಾಗಿ ಬಂತು. ಈಗ ಕಾವೇರಿ ನೀರು ಬರುವ ದಿನ, ಸಂಪಿಗೆ ಸೇರುವ ಮೊದಲೇ, ನೇರ ನಲ್ಲಿಯಿಂದ ಎರಡು ಕೊಡ ಹಿಡಿದು ಕಾಫಿಗೆಂದೇ ಇಡುತ್ತೇನೆ. ಅದು ಬಾರದ ಬೇಸಿಗೆಯ ವಾರಗಳಲ್ಲಿ ಕೊಳವೆಬಾವಿಯ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿಯನ್ನು ಕಲಕದೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುತ್ತೇನೆ. ಕುದಿಸಿದಾಗ ಗಡಸಿನ ಒಂದು ಭಾಗ ಕೆಳಗೆ ಕೂರುತ್ತದೆ. ಅಬ್ಬಿ ನೀರಿನ ಸಮಕ್ಕೆ ಬರುವುದಿಲ್ಲ, ಆದರೆ ಎಮ್ಮೆಯ ಮಾತು ಬರುವುದಿಲ್ಲ.

ನೀರಿನ ಬಿಸಿಯ ಬಗ್ಗೆ ಮಗ ಒಂದು ಥರ್ಮಾಮೀಟರ್ ತಂದುಕೊಟ್ಟ. ಕುದಿಯುವ ನೀರು ಪುಡಿಯನ್ನು ಸುಡುತ್ತದೆ, 93 ಡಿಗ್ರಿಗೆ ಇಳಿಸಿ ಹೊಯ್ಯಬೇಕು ಎಂದು ಎಲ್ಲೋ ವಿಡಿಯೊ ನೋಡಿದ್ದನಂತೆ. ಅಳೆದು ನೋಡಿದರೆ ನಮ್ಮಲ್ಲಿ ಕೊತಕೊತ ಕುದಿಯುವ ನೀರೇ 97ರ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ, ಇಲ್ಲಿ ನೀರು ನೂರಕ್ಕೆ ಏರುವುದೇ ಇಲ್ಲ. ತಣ್ಣನೆಯ ಸ್ಟೀಲ್ ಪಾತ್ರೆಗೆ ಬಿದ್ದೊಡನೆ ಅದು ಮತ್ತೂ ಇಳಿಯುತ್ತದೆ. ಆದ್ದರಿಂದ ನಾನು ಮಾಡುವುದು ಮಗ ಹೇಳಿದ್ದಕ್ಕೆ ತದ್ವಿರುದ್ಧ: ಖಾಲಿ ಫಿಲ್ಟರನ್ನು ಮೊದಲು ಕುದಿನೀರಿನಲ್ಲಿ ತೊಳೆದು ಬಿಸಿ ಮಾಡಿ, ಒರೆಸಿ, ಆಮೇಲೆ ಪುಡಿ ಹಾಕಿ ಕುದಿಯುವ ನೀರನ್ನೇ ಹೊಯ್ಯುತ್ತೇನೆ. ಥರ್ಮಾಮೀಟರ್ ಈಗ ಮೊಸರಿಗೆ ಹೆಪ್ಪು ಹಾಕುವಾಗ ಉಪಯೋಗಕ್ಕೆ ಬರುತ್ತಿದೆ.

ಅಳತೆ ಹೇಳುತ್ತೇನೆ, ಮೂರು ಲೋಟಕ್ಕೆ. ಪುಡಿ 36 ಗ್ರಾಂ, ನೀರು 180 ಮಿಲಿಲೀಟರ್. ಮೊದಲು ನಾಲ್ಕು ಚಮಚದಷ್ಟು ನೀರನ್ನು ಸುತ್ತ ಹನಿಸಿ ಅರ್ಧ ನಿಮಿಷ ಬಿಡುತ್ತೇನೆ. ಹೊಸ ಪುಡಿಯಾದರೆ ಬಿಲ್ಲೆಯ ತೂತುಗಳಿಂದ ಗುಳ್ಳೆಗಳು ಪುಟಪುಟನೆ ಎದ್ದು, ಬಿಲ್ಲೆಯೇ ಕೂದಲೆಳೆಯಷ್ಟು ಮೇಲೇರುತ್ತದೆ. ಹುರಿದಾಗ ಬೀಜದೊಳಗೆ ಉಳಿದ ಗಾಳಿ ಅದು. ಗುಳ್ಳೆ ಏಳದಿದ್ದರೆ ಪುಡಿ ಹಳೆಯದು, ಅಂಗಡಿಯವನು ಏನೇ ಆಣೆ ಹಾಕಲಿ. ಆಮೇಲೆ ಉಳಿದ ನೀರು, ಮುಚ್ಚಳ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗೆ ಸಿಗುವುದು ನೂರು ಮಿಲಿಲೀಟರ್. ಇಪ್ಪತ್ತು ನಿಮಿಷದಿಂದ ಇಪ್ಪತ್ತೈದರೊಳಗೆ ಇಳಿದರೆ ಎಲ್ಲ ಸರಿಯಿದೆ ಎಂದರ್ಥ. ಹತ್ತು ನಿಮಿಷಕ್ಕೇ ಇಳಿದರೆ ಪುಡಿ ದಪ್ಪವಾಗಿದೆ. ರಾತ್ರಿಯೇ ಹಾಕಿಡುವ ಅಭ್ಯಾಸವನ್ನು ಬಿಟ್ಟುಬಿಟ್ಟೆ. ಎದ್ದು ಹಾಕಿ, ಹಲ್ಲುಜ್ಜಿ, ಹಾಲು ತಂದು, ಪತ್ರಿಕೆಯ ಮೊದಲ ಪುಟ ಮುಗಿಸುವಷ್ಟರಲ್ಲಿ ಆಗಿರುತ್ತದೆ.

ಚರಟಕ್ಕೆ ಮತ್ತೊಮ್ಮೆ ನೀರು ಹೊಯ್ದು ತೆಗೆಯುವ ಎರಡನೇ ಡಿಕಾಕ್ಷನ್ನಿನ ಬಗ್ಗೆ ಒಂದು ಮಾತು. ನನ್ನ ಬಾಲ್ಯದ ಮನೆಯಲ್ಲಿ ಅದು ತಡವಾಗಿ ಎದ್ದವರಿಗೆ ಮತ್ತು ಕೆಲಸದವರಿಗೆ ಮೀಸಲಾಗಿತ್ತು. ಕಹಿಯೊಂದನ್ನು ಬಿಟ್ಟರೆ ಅದರಲ್ಲಿ ಏನೂ ಇರುವುದಿಲ್ಲ. ಮನೆಯ ಯಜಮಾನ ಒಂದು ದಿನ ಕುಡಿದಿದ್ದರೆ ಆ ಪದ್ಧತಿ ಅಂದೇ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವಾಕೆ ಕುಡಿಯುವುದು ಮೊದಲನೆಯದನ್ನೇ. ಸಕ್ಕರೆ ನನಗಿಂತ ಒಂದು ಚಮಚ ಹೆಚ್ಚು.

ಹಾಲಿನಲ್ಲಿ ನಾನು ಕಲಿತದ್ದು ಎರಡೇ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇಕಡ 3, ಶುಭಂನಲ್ಲಿ 4.5, ಕಾಫಿಗೆ ಎರಡನೆಯದು ಮೇಲು, ಆಗ ನೀರು ಬೆರೆಸಬೇಕೆನಿಸಿದರೂ ಬೆರೆಸಬಹುದು. ಇನ್ನೊಂದು, ಹಾಲು ಒಂದೇ ಒಂದು ಸಲ ಉಕ್ಕಿ ಬಂದಾಗ ಇಳಿಸಿ ಆಗಲೇ ಬಳಸಬೇಕು. ಒಲೆಯ ಮೇಲೆ ಮತ್ತೆ ಮತ್ತೆ ಕಾದ ಹಾಲಿನ ವಾಸನೆ ಎಂಥ ಡಿಕಾಕ್ಷನ್ನನ್ನೂ ನುಂಗುತ್ತದೆ. ಲೋಟಕ್ಕೆ ಮೊದಲು ಸಕ್ಕರೆ, ಮೇಲೆ 30 ಮಿಲಿಲೀಟರ್ ಡಿಕಾಕ್ಷನ್, ಅದರ ಮೂರರಷ್ಟು ಹಾಲು, ಬಟ್ಟಲಿಗೂ ಲೋಟಕ್ಕೂ ಎರಡೇ ಸಲ ಎತ್ತಿ ಹೊಯ್ಯುವುದು. ಮೂರನೆಯ ಸಲಕ್ಕೆ ನೊರೆ ಬರುತ್ತದೆ ನಿಜ, ಕಾಫಿ ಆರಿಹೋಗುತ್ತದೆ. ಬೆಲ್ಲ ಹಾಕುವ ದಿನ ಮಾತ್ರ ಒಲೆ ಆರಿಸಿ, ಹಾಲಿನ ಕುದಿ ಅಡಗಿದ ಮೇಲೆ ಹಾಕಬೇಕು. ಆತುರಪಟ್ಟು ಒಮ್ಮೆ ಪಾತ್ರೆ ಹಾಲನ್ನೆಲ್ಲ ಒಡೆಸಿದ್ದೇನೆ.

ಮಿಕ್ಕ ಡಿಕಾಕ್ಷನ್ನನ್ನು ನೇರ ಒಲೆಯ ಮೇಲಿಟ್ಟು ಬಿಸಿ ಮಾಡುವುದಿಲ್ಲ. ಸಂಜೆ ಯಾರಾದರೂ ಬಂದರೆ, ಬಿಸಿನೀರಿನ ಬಟ್ಟಲೊಳಗೆ ಲೋಟವಿಟ್ಟು ಬೆಚ್ಚಗೆ ಮಾಡಿ, ಹಾಲು ಹೊಸದಾಗಿ ಕಾಯಿಸಿ ಕೊಡುತ್ತೇನೆ. ಕಳೆದ ತಿಂಗಳು ಅತ್ತೆ ಬಂದಿದ್ದರು. ಬಸ್ ಇಳಿದು ಆಟೊದಲ್ಲಿ ಮನೆಗೆ ಬಂದು ಕುಳಿತವರ ಚೀಲದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಐದು ಲೀಟರಿನ ಕ್ಯಾನ್ ಇತ್ತು.