ಅಗ್ಗದ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ: ಹೊಟ್ಟೆ ಅಳೆಯಿರಿ, ಏರು ಹತ್ತಿಸಿ ನೋಡಿ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಲು ಹೋದವರೆಲ್ಲ ಮಾಡುವುದು ಒಂದೇ ಕೆಲಸ. ಕುಶಾಲನಗರದ ಹತ್ತಿರ ಹೆದ್ದಾರಿ ನೆಟ್ಟಗಿರುವ ಕಡೆ ಆಕ್ಸಿಲರೇಟರ್ ಅದುಮುತ್ತಾರೆ, ಬೆನ್ನು ಸೀಟಿಗೆ ಅಂಟುತ್ತದೆ, ‘ಪಿಕಪ್ ಸೂಪರ್’ ಅಂತ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಕಾರು ತೋಟದ ಗೇಟು ದಾಟುವಾಗ ಅಡಿಯಿಂದ ಕರಕರ ಸದ್ದು ಬಂದ ಮೇಲೆ ಮೆಕ್ಯಾನಿಕ್‌ಗೆ ಫೋನು. ಇಂಥ ಕಾರಿನಲ್ಲಿ ಪಿಕಪ್ ಪರೀಕ್ಷಿಸುವ ಅಗತ್ಯವೇ ಇಲ್ಲ, ಅದು ಇದ್ದೇ ಇರುತ್ತದೆ. ಕೊಡಗಿನಲ್ಲಿ ಪರೀಕ್ಷಿಸಬೇಕಾದದ್ದು ಡಾಂಬರು ಮುಗಿದ ಮೇಲೆ ಮನೆ ಮುಟ್ಟುವವರೆಗಿನ ದಾರಿಯನ್ನು.

1. ಯಾವ ಕಾರು ಅಂತ ತೀರ್ಮಾನಿಸಿ

ಮಾಜ್ದಾ ಎಂಎಕ್ಸ್-5 ಥರದ ಎರಡು ಸೀಟಿನ ಅಗ್ಗದ ಸ್ಪೋರ್ಟ್ಸ್ ಕಾರು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಬಂತು, ಹೋಯಿತು. ಹಾಗಾಗಿ ನಮ್ಮ ಪಾಲಿಗೆ ಸ್ಪೋರ್ಟ್ಸ್ ಕಾರು ಅಂದರೆ ಚಿಕ್ಕ ಹ್ಯಾಚ್‌ಬ್ಯಾಕ್, ಅದರಲ್ಲಿ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಪೆಟ್ರೋಲ್ ಎಂಜಿನ್. ಹಳೆ ಗಾಡಿಗಳ ಪೇಟೆಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಹೆಸರು ಮೂರು.

ಫೋಕ್ಸ್‌ವ್ಯಾಗನ್ ಪೊಲೊ ಜಿಟಿ ಟಿಎಸ್ಐ 2013ರಲ್ಲಿ ಬಂತು. 1.2 ಲೀಟರ್ ಎಂಜಿನ್, 105 ಪಿಎಸ್ (ಅಶ್ವಶಕ್ತಿಯದೇ ಒಂದು ಅಳತೆ), ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. 2020ರ ನಂತರದ್ದಕ್ಕೆ 1.0 ಲೀಟರ್ ಎಂಜಿನ್, 110 ಪಿಎಸ್. ಪೊಲೊ ತಯಾರಿಕೆ ನಮ್ಮಲ್ಲಿ 2022ರಲ್ಲಿ ನಿಂತಿತು. ಫಿಯೆಟ್‌ನ ಅಬಾರ್ಥ್ ಪುಂಟೊ 2015ರದ್ದು: 1.4 ಲೀಟರ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್ ಅಂದರೆ ತಿರುಗಿಸುವ ಬಲ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸೊನ್ನೆಯಿಂದ ನೂರಕ್ಕೆ 8.8 ಸೆಕೆಂಡ್ ಅಂತ ಕಂಪನಿಯ ಲೆಕ್ಕ. ಹ್ಯುಂಡೈ ಐ20 ಎನ್ ಲೈನ್ 2021ರಿಂದ ಇದೆ, 1.0 ಲೀಟರ್, 120 ಪಿಎಸ್.

ನನ್ನನ್ನು ಕೇಳಿದರೆ ಕೊಡಗಿಗೆ ಮ್ಯಾನ್ಯುಯಲ್ ಗೇರೇ ಸರಿ. ಕಾರಣ ಮುಂದೆ ಬರುತ್ತದೆ.

2. ಕಾಗದಪತ್ರ

ಆರ್‌ಸಿ, ವಿಮೆ, ಸರ್ವಿಸ್ ದಾಖಲೆ ನೋಡಿ. ಮಾಕುಟ್ಟದ ಆಚೆಯಿಂದ ಬಂದ ಕೇರಳ ನೋಂದಣಿಯ ಗಾಡಿ ಅಗ್ಗ ಅನ್ನಿಸಿದರೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಮತ್ತು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಸೇರಿಸಿ ಇನ್ನೊಮ್ಮೆ ಲೆಕ್ಕ ಹಾಕಿ.

3. ಹೊಟ್ಟೆ ಅಳೆಯುವುದು

ಎಲ್ಲರೂ ಎಡವುವುದು ಇಲ್ಲೇ.

ಬ್ರೋಷರ್‌ನಲ್ಲಿ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ, ಇಷ್ಟು ಮಿಲಿಮೀಟರ್ ಅಂತ ಬರೆದಿರುತ್ತಾರೆ. ಅಬಾರ್ಥ್‌ಗೆ 155, ಪೊಲೊಗೆ ಅದಕ್ಕಿಂತ ತುಸು ಹೆಚ್ಚು. ಆದರೆ ಸಾಮಾನ್ಯವಾಗಿ ಅದು ಖಾಲಿ ಕಾರಿನ ಲೆಕ್ಕ. ನಾಲ್ಕು ಜನ ಕೂತು, ಟ್ಯಾಂಕ್ ತುಂಬಿ, ಡಿಕ್ಕಿಯಲ್ಲಿ ಗೊಬ್ಬರದ ಮೂಟೆಯಿದ್ದರೆ ಸ್ಪ್ರಿಂಗ್ ಕುಗ್ಗಿ ಕಾರು ಕೆಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಳೆಯಬೇಕಾದದ್ದು ಹಾಗೆ ಇಳಿದ ಕಾರನ್ನು.

ಕಾರು ನೋಡಲು ಹೋಗುವ ಮೊದಲು ನಿಮ್ಮ ತೋಟದ ರಸ್ತೆಯನ್ನು ಅಳೆಯಿರಿ. ಜೀಪು, ಪಿಕಪ್, ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಚಕ್ರದ ಹಾದಿ ತಗ್ಗಾಗಿರುತ್ತದೆ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿರುತ್ತದೆ. ಒಂದು ಹಾದಿಯ ತಳದಿಂದ ಇನ್ನೊಂದರ ತಳಕ್ಕೆ ದಾರ ಎಳೆದರೆ ಅದು ದಿಬ್ಬಕ್ಕೆ ತಾಗುತ್ತದೆ. ಆದ್ದರಿಂದ ಎರಡೂ ತಳದಲ್ಲಿ ಒಂದೇ ಎತ್ತರದ ಗೂಟ ನಿಲ್ಲಿಸಿ, ಅವುಗಳ ತಲೆಗೆ ದಾರ ಬಿಗಿದು ಕಟ್ಟಿ. ದಾರದಿಂದ ದಿಬ್ಬದ ನೆತ್ತಿಗೆ ಎಷ್ಟಿದೆ ಅಳೆದು, ಗೂಟದ ಎತ್ತರದಿಂದ ಕಳೆಯಿರಿ. ಸಿಗುವುದೇ ದಿಬ್ಬದ ಎತ್ತರ. ಅತಿ ಕೆಟ್ಟ ಜಾಗದಲ್ಲಿ ಅಳೆಯಿರಿ, ಸರಾಸರಿ ತೆಗೆಯಬೇಡಿ. ಹುಲ್ಲು ಬಾಗುತ್ತದೆ, ಅದನ್ನು ಬಿಡಿ; ಅದರೊಳಗೆ ಅಡಗಿರುವ ಕಲ್ಲು ಬಾಗುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಕಾರಿಗೂ ದಿಬ್ಬಕ್ಕೂ ನಡುವೆ ಕನಿಷ್ಠ ನಾಲ್ಕು ಬೆರಳು ಬೇಕು, ಯಾಕೆಂದರೆ ಕಾರು ಓಡುವಾಗ ಸ್ಪ್ರಿಂಗ್ ಇನ್ನೂ ಕುಣಿಯುತ್ತದೆ.

ಯಾವಾಗ ಅಳೆದಿರಿ ಅನ್ನುವುದೂ ಮುಖ್ಯ. ಮೇ ತಿಂಗಳಲ್ಲಿ ಮಟ್ಟಸವಾಗಿ ಕಾಣುವ ರಸ್ತೆ ಆಗಸ್ಟ್ ಮುಗಿಯುವಾಗ ಕೊರೆದು ಹೋಗಿರುತ್ತದೆ. ಮಳೆಗಾಲ ಕಳೆದ ಮೇಲೆ, ಮಣ್ಣು ಸುರಿದು ಸರಿ ಮಾಡಿಸುವುದಕ್ಕೆ ಮುಂಚೆ ಅಳೆದದ್ದೇ ನಿಜವಾದ ಲೆಕ್ಕ.

ಎರಡನೆಯದು ಗೇಟು. ಸಾರ್ವಜನಿಕ ರಸ್ತೆಯಿಂದ ತೋಟಕ್ಕೆ ತಿರುಗುವಲ್ಲಿ ಚರಂಡಿಯ ಮೋರಿ, ಅದರ ಬೆನ್ನಿಗೇ ಕಡಿದಾದ ಏರು. ಇಲ್ಲಿ ತಾಗುವುದು ಹೊಟ್ಟೆಯಲ್ಲ, ಮೂತಿ. ಸ್ಪೋರ್ಟ್ಸ್ ಮಾದರಿಗಳ ಮುಂದಿನ ಬಂಪರ್ ಅಂದಕ್ಕೋಸ್ಕರ ಕೆಳಗೆ ಇಳಿದಿರುತ್ತದೆ. ಮಾಲೀಕರನ್ನು ಒಪ್ಪಿಸಿ ಕಾರನ್ನು ನಿಮ್ಮ ಗೇಟಿಗೇ ತರಿಸಿ. ‘ಮೈನ್ ರೋಡಲ್ಲೇ ಓಡಿಸಿ ನೋಡಿ’ ಅನ್ನುವವರ ಕಾರು ಬೇಡ. ನಾಲ್ಕು ಜನರನ್ನು ಕೂರಿಸಿ, ಒಬ್ಬರನ್ನು ಕೆಳಗೆ ಬಗ್ಗಿ ನೋಡಲು ನಿಲ್ಲಿಸಿ, ನಡಿಗೆಗಿಂತ ನಿಧಾನವಾಗಿ ಹತ್ತಿಸಿ. ನೇರ ತಾಗಿದರೆ ಓರೆಯಾಗಿ ಒಂದೊಂದೇ ಚಕ್ರ ಏರಿಸಿ ನೋಡಿ. ಓರೆಯಲ್ಲೂ ತಾಗಿದರೆ ಎರಡೇ ದಾರಿ: ಮೋರಿಯ ಮುಂದೆ ಕಾಂಕ್ರೀಟ್ ಹಾಕಿಸಿ ಏರನ್ನು ಉದ್ದ ಮಾಡಿಸುವುದು, ಇಲ್ಲವೇ ಆ ಕಾರನ್ನು ಮರೆಯುವುದು.

ಮೂರನೆಯ ದಾರಿಯೊಂದಿದೆ ಅಂತ ಅಂಗಡಿಯವರು ಹೇಳುತ್ತಾರೆ. ಸ್ಪ್ರಿಂಗ್ ಸುರುಳಿಯ ನಡುವೆ ತೂರಿಸುವ ರಬ್ಬರ್ ಬಫರ್. ಹಾಕಿಸಬೇಡಿ. ಕಾರು ಎತ್ತರವೇನೋ ಆಗುತ್ತದೆ, ಆದರೆ ಯಾವ ತಿರುವಿಗಾಗಿ ಈ ಕಾರು ಕೊಂಡಿರೋ ಆ ತಿರುವಿನ ಸುಖವೇ ಹಾಳು. ಇನ್ನೂ ಕೆಳಗಿಳಿಸುವ ಸ್ಪ್ರಿಂಗ್ ಹಾಕಿಸಿರುವ ಕಾರಾದರೆ ಮಾತೇ ಆಡದೆ ವಾಪಸ್ ಬನ್ನಿ. ಎಂಜಿನ್ ಅಡಿಗೆ ಲೋಹದ ತಟ್ಟೆ ಮಾತ್ರ ಒಳ್ಳೆಯದು. ಎಂಜಿನ್ ಆಯಿಲ್ ನಿಲ್ಲುವ ಅಡಿಯ ತೊಟ್ಟಿ, ಅಂದರೆ ಸಂಪ್, ಒಡೆದು ಆಯಿಲ್ ಸೋರಿದರೆ ಎಂಜಿನ್ನೇ ಹೋಗುತ್ತದೆ.

ಅಳತೆ ಮುಗಿದ ಮೇಲೆ ಟಾರ್ಚ್ ಹಿಡಿದು ಅಡಿಗೆ ಬಗ್ಗಿ. ಸಂಪ್ ಮೇಲೆ ಹಳೆಯ ಗೀರು, ಸೈಲೆನ್ಸರ್ ಪೈಪಿನ ಮೇಲೆ ತಗ್ಗು ಕಂಡರೆ ಹಿಂದಿನವರ ರಸ್ತೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಆಟೋಕ್ರಾಸ್ (ಮಣ್ಣಿನ ಮೈದಾನದ ಕಾರು ಓಟ), ರ‍್ಯಾಲಿಯ ಹುಚ್ಚು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಬಾನೆಟ್ ಎತ್ತಿ, ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆ ಕೂರುವ ಜಾಗದಲ್ಲಿ ಹೊಸ ಬೆಸುಗೆಯೋ ಹೊಸ ಬಣ್ಣವೋ ಇದೆಯೇ ನೋಡಿ. ಇದ್ದರೆ ಆ ಕಾರು ಮೈದಾನದಲ್ಲಿ ಹಾರಿರಬಹುದು.

4. ಏರಿನಲ್ಲಿ ನಿಲ್ಲಿಸಿ ಹೊರಡಿಸಿ

ತಣ್ಣಗಿನ ಎಂಜಿನ್‌ನಲ್ಲಿ ಶುರು ಮಾಡಿ. ನೀವು ಬರುವ ಮುಂಚೆಯೇ ಕಾರನ್ನು ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಕಡಿದಾದ ಏರಿನ ನಡುವೆ ನಿಲ್ಲಿಸಿ, ಮತ್ತೆ ಮುಂದಕ್ಕೆ ಹೊರಡಿಸಿ. ಆಮೇಲೆ ರಿವರ್ಸ್‌ನಲ್ಲಿ ಅದೇ ಏರು ಹತ್ತಿಸಿ. ಇದನ್ನು ಬೆನ್ನುಬೆನ್ನಿಗೆ ಮಾಡಿ.

ಹಳೆಯ ಪೊಲೊ ಜಿಟಿಯ ಏಳು ಗೇರಿನ ಡಿಎಸ್‌ಜಿಯಲ್ಲಿ ಇರುವುದು ಒಣ ಕ್ಲಚ್, ಅದೂ ಎರಡು. ಓಡುವಾಗ ಗೇರು ಬದಲಾದದ್ದೇ ತಿಳಿಯುವುದಿಲ್ಲ, ಅಷ್ಟು ಚುರುಕು. ಆದರೆ ಕಡಿದಾದ ಏರಿನಲ್ಲಿ ತೆವಳುವಾಗ ಆ ಕ್ಲಚ್ ಅರ್ಧಂಬರ್ಧ ಹಿಡಿದುಕೊಂಡೇ ಇರಬೇಕು, ತಂಪು ಮಾಡಲು ಆಯಿಲ್ ಇಲ್ಲ, ಕಾದುಹೋಗುತ್ತದೆ. ಹೊರಡುವಾಗ ಕಾರು ನಡುಗಿದರೆ, ರಿವರ್ಸ್ ಹಿಡಿಯಲು ತಡವಾದರೆ, ಗೇರಿನ ಅಂಕಿ ಮಿನುಗಿದರೆ ದೊಡ್ಡ ಖರ್ಚು ಕಾದಿದೆ. 2020ರ ನಂತರದ ಪೊಲೊ ಆಟೊಮ್ಯಾಟಿಕ್‌ನಲ್ಲಿ ಒಣ ಕ್ಲಚ್ ಬದಲು ಆಯಿಲ್ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ, ಆ ತಲೆನೋವಿಲ್ಲ. ಮೊದಲು ಬಂದ ಎನ್ ಲೈನ್‌ನ ಐಎಂಟಿಯಲ್ಲಿ ಗೇರು ಕೈಯಲ್ಲಿದ್ದರೂ ಕ್ಲಚ್ ಪೆಡಲ್ ಇಲ್ಲ. ಏರಿನಲ್ಲಿ ಕ್ಲಚ್ ಆಡಿಸಿ ಅಭ್ಯಾಸವಾದ ಎಡಗಾಲು ಸುಮ್ಮನೆ ಹುಡುಕಾಡುತ್ತದೆ. ಅದೇ ಕಾರಿಗೆ 2023ರಲ್ಲಿ ಮೂರು ಪೆಡಲಿನ ಗೇರ್‌ಬಾಕ್ಸ್ ಬಂತು. ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಟರ್ಬೊ ತಡವಾಗಿ ಎಚ್ಚರಗೊಳ್ಳುವುದು ಇನ್ನೊಂದು ಕೊರತೆ. ಅಬಾರ್ಥ್ 2,000 ಆರ್‌ಪಿಎಂಗಿಂತ ಕೆಳಗೆ ತೂಕಡಿಸುತ್ತಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಮೂರನೇ ಗೇರಿನಲ್ಲೇ ಎಳೆದರೆ ಕಾರು ಮುಂದಕ್ಕೆ ನುಗ್ಗದು, ಕಾಯಬೇಕು. ಎರಡಕ್ಕೆ ಇಳಿಸಿ ನೋಡಿ, ಬೇರೆಯೇ ಕಾರು.

5. ಇನ್ನು ಸುಖ

ಇಷ್ಟೆಲ್ಲ ದಾಟಿದ ಕಾರಾದರೆ ಭಾಗಮಂಡಲದ ರಸ್ತೆಗೆ ತೆಗೆದುಕೊಂಡು ಹೋಗಿ. ಇಂಥ ಕಾರಿನ ಹಿರಿಮೆ ವೇಗದಲ್ಲಿಲ್ಲ. ಎತ್ತರದ ಎಸ್‌ಯುವಿ ವಾಲಾಡುವ ತಿರುವಿನಲ್ಲಿ ಇದು ಮಟ್ಟಸವಾಗಿ ಸರಿದು ಹೋಗುತ್ತದೆ, ಸ್ಟೇರಿಂಗ್ ಎಷ್ಟು ತಿರುಗಿಸಿದಿರೋ ಅಷ್ಟೇ ತಿರುಗುತ್ತದೆ. ಟರ್ಬೊದ ಉಪಕಾರ ಇನ್ನೊಂದು. 1,100 ಮೀಟರ್‌ಗೂ ಮೇಲಿರುವ ಮಡಿಕೇರಿಯಲ್ಲಿ ಗಾಳಿ ತೆಳು; ಟರ್ಬೊ ಇಲ್ಲದ ಎಂಜಿನ್ ತನ್ನ ಬಲದ ಹತ್ತನೇ ಒಂದು ಭಾಗವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಗೊತ್ತೇ ಆಗುವುದಿಲ್ಲ.

ಬ್ರೇಕ್ ನೋಡುವುದಾದರೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯಿರಿ. ಗೇರಿನಲ್ಲೇ ಹಿಡಿದು ಇಳಿದರೂ ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಹಳತಾಗಿದೆ. ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಸೀಟಿಗೆ ಬಡಿಯುವ ಕುಲುಕಾಟ ಮಾತ್ರ ದೋಷವಲ್ಲ, ಗಟ್ಟಿ ಸಸ್ಪೆನ್ಷನ್ ಇರುವುದೇ ಹಾಗೆ. ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಒಂದು ಸುತ್ತು ಕರೆದೊಯ್ದು ಅವರ ಅಭಿಪ್ರಾಯ ಕೇಳಿ.

ಸದ್ದು ಮಾಡುವ ಸೈಲೆನ್ಸರ್ ಹಾಕಿಸಿದ್ದರೆ ಕಳಚಿಸಿ ಮೂಲದ್ದನ್ನು ಕೇಳಿ ಪಡೆಯಿರಿ. ಕಾನೂನಿನ ಮಾತು ಹಾಗಿರಲಿ, ಸಿದ್ದಾಪುರ, ಅಮ್ಮತ್ತಿ ಕಡೆ ರಾತ್ರಿ ರಸ್ತೆಗಿಳಿಯುವ ಆನೆಗಳನ್ನು ಕೆಣಕುವುದು ಯಾಕೆ?

6. ಟೈರು

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಿರಲಿ, ನಾಲ್ಕೂ ಟೈರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ. ಕಾನೂನು 1.6 ಮಿ.ಮೀ. ಗೆರೆ ಸಾಕು ಅನ್ನುತ್ತದೆ, ಕೊಡಗಿನ ಮಳೆಗೆ 3 ಮಿ.ಮೀ.ಗಿಂತ ಕೆಳಗೆ ನಾನು ಒಪ್ಪುವುದಿಲ್ಲ. ದೊಡ್ಡ ಅಲಾಯ್ ಚಕ್ರ, ತೆಳು ಟೈರಿನ ಮೋಹವೂ ಬೇಡ. ಒಂದು ಗುಂಡಿ ಸಾಕು, ರಿಮ್ ಸೀಳುತ್ತದೆ.

7. ಮಾತುಕತೆ

ಬಿಡಿಭಾಗ ಎಲ್ಲಿ ಸಿಗುತ್ತದೆ, ಸರ್ವಿಸ್‌ಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕೇ ಅಂತ ಮುಂಚೆಯೇ ವಿಚಾರಿಸಿ. ಫಿಯೆಟ್ ಕಾರುಗಳ ಮಾರಾಟವೇ ನಮ್ಮಲ್ಲಿ ನಿಂತಿರುವುದರಿಂದ ಅಬಾರ್ಥ್ ಮೇಲೆ ಮನಸ್ಸಿದ್ದವರು ಒಬ್ಬ ನಂಬಿಕಸ್ಥ ಮೆಕ್ಯಾನಿಕ್‌ನನ್ನು ಮೊದಲು ಹುಡುಕಿ, ಕಾರನ್ನು ಆಮೇಲೆ. ಡಿಕ್ಕಿಯ ತಟ್ಟೆ ಎತ್ತಿ ಸ್ಟೆಪ್ನಿ ನೋಡುವುದನ್ನು ಮರೆಯಬೇಡಿ. ಉಳಿದ ನಾಲ್ಕಕ್ಕಿಂತ ಚಿಕ್ಕದಿದ್ದರೆ ಅದರ ಮೇಲೆ ಗಂಟೆಗೆ 80 ಕಿ.ಮೀ. ಮಿತಿ ಅಂತ ಬರೆದಿರುತ್ತದೆ. ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದನ್ನು ನಂಬಿ.