ಬ್ಲೂ ಅಂಡ್ ಗೋಲ್ಡ್ ಆಫೀಸರ್ ಆಗಿ ನಾನು ಎಷ್ಟು ಹೇಳ್ಕೊಡ್ತೀನಿ, ಎಲ್ಲಿ ಬಾಯಿ ಮುಚ್ಕೋತೀನಿ

ಮಗ ಅನ್ನಾಪೊಲಿಸ್‌ನ ಅಮೆರಿಕನ್ ನೇವಲ್ ಅಕಾಡೆಮಿ (ನೇವಿ ಆಫೀಸರ್‌ಗಳನ್ನ ತಯಾರು ಮಾಡೋ ಕಾಲೇಜು) ಮುಗಿಸಿದ್ಮೇಲೆ ನಾನು ಬ್ಲೂ ಅಂಡ್ ಗೋಲ್ಡ್ ಆಫೀಸರ್ ಆದೆ. ಹೆಸರು ಕೇಳಿ ಯೂನಿಫಾರ್ಮ್ ಅಂದ್ಕೋಬೇಡಿ, ನಾನು ಪಕ್ಕಾ ಸಿವಿಲಿಯನ್, ಸಂಬಳ ಇಲ್ಲ. ಅಲ್ಲಿಗೆ ಸೇರ್ಬೇಕು ಅನ್ನೋ ಹೈಸ್ಕೂಲ್ ಮಕ್ಕಳಿಗೆ ದಾರಿ ಹೇಳೋದೂ ನಾವೇ, ಆಮೇಲೆ ಇಂಟರ್‌ವ್ಯೂ ಮಾಡಿ ಅಡ್ಮಿಷನ್ಸ್‌ನವರಿಗೆ ರಿಪೋರ್ಟ್ ಬರೆಯೋದೂ ನಾವೇ. ಟ್ಯೂಷನ್ ಮೇಷ್ಟ್ರೇ ಪಬ್ಲಿಕ್ ಪರೀಕ್ಷೆ ಪೇಪರ್ ತಿದ್ದಿದ ಹಾಗೆ, ಫಜೀತಿ ಇರೋದೇ ಅಲ್ಲಿ.

ಮೊದಲನೇ ವರ್ಷ ಉತ್ಸಾಹ ಜಾಸ್ತಿ. ಒಬ್ಬ ಹುಡುಗ ಅರ್ಜಿ ಜೊತೆ ಕೊಡೋ ಎಸ್ಸೇ ಕಳಿಸಿ ಸ್ವಲ್ಪ ನೋಡಿ ಅಂದ, ನಾನು ನೋಡ್ದೆ, ತಿದ್ದಿದೆ, ಕೊನೆ ಪ್ಯಾರಾ ಪೂರ್ತಿ ನಾನೇ ಬರೆದ ಹಾಗೆ ಆಯ್ತು. ಇಂಟರ್‌ವ್ಯೂನಲ್ಲಿ ನೇವಿ ಯಾಕಪ್ಪಾ ಅಂತ ಕೇಳಿದ್ರೆ ನನ್ನ ವಾಕ್ಯಾನೇ ನನಗೆ ಒಪ್ಪಿಸ್ಬಿಟ್ಟ! ಅವನು ಏನು ಯೋಚ್ನೆ ಮಾಡ್ತಾನೆ ಅಂತ ನನಗೆ ಗೊತ್ತೇ ಆಗ್ಲಿಲ್ಲ, ರಿಪೋರ್ಟ್‌ನಲ್ಲಿ ಏನಂತ ಬರೀಲಿ?

ಮುಂದಿನ ವರ್ಷ ಇದಕ್ಕೆ ಉಲ್ಟಾ ಹೋದೆ. ತಾವೇ ಹುಡುಕ್ಕೊಳ್ಳಲಿ, ಅದೂ ಒಂದು ಪರೀಕ್ಷೆ ಅಂತ ಸುಮ್ನಿದ್ದೆ. ಒಬ್ಬಳು ಒಳ್ಳೆ ಹುಡುಗಿ, ಅಕಾಡೆಮಿಗೆ ಅರ್ಜಿ ಹಾಕಿದ್ರೆ ಸಾಕು ಅಂದ್ಕೊಂಡಿದ್ಲು. ನಾಮಿನೇಷನ್ ಬೇರೆ ಬೇಕು, ಅಂದ್ರೆ ಈ ಹುಡುಗಿನ ತಗೊಳ್ಳಿ ಅಂತ ಹೆಸರು ಸೂಚಿಸೋದು, ಅದಕ್ಕೆ ಹೆಚ್ಚಿನ ಮಕ್ಕಳು ಅಮೆರಿಕದ ಸಂಸತ್ತಲ್ಲಿರೋ ತಮ್ಮ ಕಡೆಯ ಪ್ರತಿನಿಧಿ, ಇಬ್ಬರು ಸೆನೆಟರ್‌ಗಳು, ಮೂರೂ ಆಫೀಸಿಗೆ ಬೇರೆ ಬೇರೆ ಅರ್ಜಿ ಹಾಕ್ತಾರೆ, ಎಷ್ಟೋ ಕಡೆ ಅಕ್ಟೋಬರ್ ನವೆಂಬರ್‌ಗೇ ಬಾಗಿಲು ಹಾಕ್ತಾರೆ. ಅವಳಿಗೆ ಗೊತ್ತಾಗೋ ಹೊತ್ತಿಗೆ ಮೂರೂ ಮುಗಿದಿತ್ತು. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತೆ.

ಈಗ ಯಾರೇ ಫೋನ್ ಮಾಡ್ಲಿ ಮೊದಲನೇ ಮಾತೇ ನಾಮಿನೇಷನ್. ಆಮೇಲೆ ಫಿಟ್‌ನೆಸ್ ಟೆಸ್ಟ್, ಅದರಲ್ಲಿ ಮಂಡಿಯೂರಿ ಬಾಸ್ಕೆಟ್‌ಬಾಲ್ ಎಸೆಯೋದು ಒಂದಿದೆ, ಎಲ್ರೂ ನಗ್ತಾರೆ, ಪ್ರಾಕ್ಟೀಸ್ ಇಲ್ದೆ ಹೋದವರು ಅಲ್ಲೇ ಪೇಚಾಡ್ತಾರೆ. ಪದವಿ ಆದ್ಮೇಲೆ ಕಮ್ಮಿ ಅಂದ್ರೂ 5 ವರ್ಷ ಸರ್ವಿಸ್ ಮಾಡ್ಬೇಕು, ಫ್ರೀ ಕಾಲೇಜು ಅಂತ ಬರಬೇಡಿ ಅಂತಾನೂ ಹೇಳ್ತೀನಿ. ಒಬ್ಬರಿಗೆ ಹೇಳಿದ್ದು ಎಲ್ಲರಿಗೂ. ಎಸ್ಸೇ ಮಾತ್ರ ಮುಟ್ಟಲ್ಲ, ಇಂಗ್ಲಿಷ್ ಟೀಚರ್‌ಗೆ ತೋರ್ಸಿ ಅಂತೀನಿ. ಇಂಟರ್‌ವ್ಯೂ ಹೊತ್ತಲ್ಲಿ ಅಪ್ಪ ಅಮ್ಮ ಪಕ್ಕದ ರೂಮಲ್ಲಿ, ಇಲ್ಲಾಂದ್ರೆ ಉತ್ತರ ಅವರೇ ಕೊಡ್ತಾರೆ (ನಾನೂ ಅಪ್ಪಾನೇ, ನನಗೆ ಗೊತ್ತು).

ಹೋದ ವರ್ಷ ಕನ್ನಡ ಕೂಟದ ಪರಿಚಯದವರೊಬ್ರು, "ಸಾರ್ ನಮ್ಮೋರೇ ಅಲ್ವಾ, ಏನ್ ಕೇಳ್ತೀರಾ ಅಂತ ಸ್ವಲ್ಪ ಹೇಳ್ಬಿಡಿ" ಅಂದ್ರು. ಮಗನೇ ಫೋನ್ ಮಾಡ್ಲಿ ಸಾರ್, ಇಂಟರ್‌ವ್ಯೂ ಬೇರೆಯವರಿಗೆ ಕೊಡೋಕೆ ಕೇಳ್ತೀನಿ ಅಂದೆ. ಬೇಜಾರು ಮಾಡ್ಕೊಂಡ್ರು. ಎರಡು ದಿನ ಬಿಟ್ಟು ಹುಡುಗ ಮಾಡ್ದ, ಅಂಕಲ್, ಮುಂಚೆ ಅಸ್ತಮಾಗೆ ಇನ್‌ಹೇಲರ್ ತಗೋತಿದ್ದೆ, ಮೆಡಿಕಲ್ ಫಾರ್ಮಲ್ಲಿ ಹಾಕ್ಲಾ, ಅಪ್ಪ ಬೇಡ ಅಂತಾರೆ ಅಂತ. ಹಾಕು ಮಾರಾಯ, ಮುಚ್ಚಿಟ್ಟು ಸಿಕ್ಕಿಬಿದ್ರೆ ಕತೆ ಮುಗೀತು, ಹೇಳ್ಕೊಂಡ್ರೆ ವೇವರ್ ಅಂತ, ಅಂದ್ರೆ ವಿನಾಯಿತಿ ಕೇಳೋ ಒಂದು ದಾರಿ ಇದೆ ಅಂದೆ. ಅದೊಂದಕ್ಕೇ ಅವನ ಜೊತೆ ಅರ್ಧ ಗಂಟೆ ಮಾತಾಡ್ದೆ.