ಮೊಸಳೆ ಬಾಯಿ, ಆನೆ ಸೊಂಡಿಲು, ಹೆಬ್ಬಾತಿನ ಕಾಲು

ಕೈಕಾಲು ಮುರಿದಾಗ ಡಾಕ್ಟರು ಸುತ್ತುವ ಪ್ಲಾಸ್ಟರ್ ಬ್ಯಾಂಡೇಜ್ ಇದೆಯಲ್ಲ, ಅದರಲ್ಲೇ ನಾನು ಪ್ರಾಣಿಗಳನ್ನು ಮಾಡುತ್ತೇನೆ. ಜಾಳು ಜಾಳಾದ ಹತ್ತಿ ಬಟ್ಟೆಗೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಹಿಡಿಸಿ ಸುರುಳಿ ಸುತ್ತಿರುತ್ತಾರೆ. ಗದಗಿನಲ್ಲಿ ದೊಡ್ಡ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. 10 ಸೆಂ.ಮೀ. ಅಗಲ, 2.7 ಮೀಟರ್ ಉದ್ದದ ಸುರುಳಿ ಮನೆಯಲ್ಲಿ ಮಾಡುವ ಗೊಂಬೆಗಳಿಗೆ ಸರಿಯಾಗುತ್ತದೆ.

ನಮ್ಮ ಕಡೆಯವರಿಗೆ ಪ್ರಾಣಿ ಮಾಡುವುದು ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದವರೇ ಎಲ್ಲರೂ. ಆದರೆ ಮಣ್ಣಿನ ಎತ್ತಿನ ಕಾಲು ಗಿಡ್ಡ, ದಪ್ಪ. ಹಸಿ ಮಣ್ಣು ಅದಕ್ಕಿಂತ ಸಣ್ಣ ಕಾಲಿನ ಮೇಲೆ ನಿಲ್ಲುವುದಿಲ್ಲ. ಬ್ಯಾಂಡೇಜಿನ ಒಳಗೆ ತಂತಿ ಇರುವುದರಿಂದ ಕೊಕ್ಕರೆಯಂಥ ಉದ್ದ ಕಾಲನ್ನೂ ಮಾಡಬಹುದು. ನನಗೆ ಇದರ ಹುಚ್ಚು ಹಿಡಿದದ್ದು ಈ ಒಂದು ಕಾರಣಕ್ಕೆ.

ವಿಚಿತ್ರ ಪ್ರಾಣಿ ಮಾಡಬೇಕೆನ್ನುವವರು ಮೊದಲು ಲಕ್ಕುಂಡಿಗೆ ಹೋಗಿ ಮಕರಗಳನ್ನು ನೋಡಬೇಕು. ಗುಡಿಗಳಲ್ಲಿ ಕೆತ್ತುವ ಮಕರಕ್ಕೆ ಮೊಸಳೆ ಬಾಯಿ, ಆನೆ ಸೊಂಡಿಲು, ನವಿಲಿನಂತೆ ಹರಡಿದ ಬಾಲ. ಅಂಥ ಪ್ರಾಣಿ ಎಲ್ಲೂ ಇಲ್ಲ, ಆದರೂ ನೋಡಿದರೆ ನಂಬಿಕೆ ಬರುತ್ತದೆ. ಯಾಕೆ? ಒಂದೊಂದು ಅಂಗವೂ ನಿಜವಾದ ಪ್ರಾಣಿಯದ್ದು. ನಾನು ಇದನ್ನೇ ಹಿಡಿದುಕೊಂಡೆ. ನನ್ನ ಪ್ರಾಣಿಗಳಲ್ಲಿ ಒಂದಕ್ಕೆ ಮೊಸಳೆ ಬಾಯಿ, ಸೊಂಡಿಲು, ಮತ್ತೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಕಾಲು. ಹೊಲದಲ್ಲಿ ಆ ಹೆಬ್ಬಾತು ನಡೆಯುವುದನ್ನು ನೋಡಿ. ಮೈ ಭಾರವೆಲ್ಲ ಒಂದು ಕಾಲಿಗೆ ಬಂದಾಗ ಇಡೀ ಮೈ ಆ ಕಡೆ ವಾಲುತ್ತದೆ. ಆ ವಾಲುವಿಕೆ ಬಂದರೆ ಮಾತ್ರ ಪ್ರಾಣಿಗೆ ಜೀವ ಬರುತ್ತದೆ.

ಅದು ಬರಬೇಕಾದದ್ದು ಒಳಗಿನ ಹಂದರದಲ್ಲಿ. ಮೇಲಿನ ಬಟ್ಟೆ ಹಂದರವನ್ನು ಮುಚ್ಚುತ್ತದೆ ಅಷ್ಟೇ, ತಪ್ಪು ನಿಲುವನ್ನು ತಿದ್ದುವುದಿಲ್ಲ. ಹಾಗಾಗಿ ನನ್ನ ಜಾಸ್ತಿ ಹೊತ್ತು ಇಲ್ಲೇ ಹೋಗುತ್ತದೆ. ಸೆಂಟ್ರಿಂಗ್ ಕೆಲಸದವರು ಬಳಸುವ ಕಟ್ಟು ತಂತಿಯನ್ನು ಎರಡೆಳೆ ಮಾಡಿ, ಪಕ್ಕಡದಿಂದ ಹುರಿ ಹಾಕಿ ಬೆನ್ನು ಮತ್ತು ಕಾಲು ಮಾಡುತ್ತೇನೆ. ಒಂದು ಕಾಲಿನಿಂದ ಬೆನ್ನಿನ ಮೂಲಕ ಇನ್ನೊಂದು ಕಾಲಿಗೆ ಒಂದೇ ತಂತಿ ಹೋಗಬೇಕು. ತುಂಡು ತುಂಡಾಗಿ ಕಟ್ಟಿದರೆ ತೊಡೆಯ ಹತ್ತಿರ ಅಲ್ಲಾಡುತ್ತದೆ, ಪ್ಲಾಸ್ಟರ್ ಅಲ್ಲೇ ಬಿರುಕು ಬಿಡುತ್ತದೆ. ಮೈಗೆ ರದ್ದಿ ಪೇಪರನ್ನು ಗಟ್ಟಿಯಾಗಿ ಮುದುಡಿ, ಮಾಸ್ಕಿಂಗ್ ಟೇಪ್ ಸುತ್ತಬೇಕು. ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳಬಾರದು. ಪಾದಕ್ಕೆ ಚಿಕ್ಕ ಬೆಣಚು ಕಲ್ಲು ಕಟ್ಟುತ್ತೇನೆ, ಭಾರ ಕೆಳಗಿದ್ದರೆ ಉರುಳುವುದಿಲ್ಲ. ಬ್ಯಾಂಡೇಜ್ ಮುಟ್ಟುವ ಮೊದಲೇ ಹಂದರ ತಾನಾಗಿಯೇ ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ಹೋಗಬೇಡಿ.

ಆಮೇಲಿನ ಕೆಲಸ ಬೇಗ ಬೇಗ. ಬ್ಯಾಂಡೇಜನ್ನು ಒಣಗಿದ ಕೈಯಲ್ಲಿ ಮೊದಲೇ ಕತ್ತರಿಸಿಟ್ಟುಕೊಳ್ಳಿ, ಮೈಗೆ ಅಂಗೈಯಷ್ಟು, ಸೊಂಡಿಲಿಗೆ ಬೆರಳಗಲ. ಬೋಗುಣಿಯ ನೀರಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಮೆಲ್ಲಗೆ ಎಳೆದು ನೀರು ಇಳಿಸಿ ಅಂಟಿಸಬೇಕು. ಹಿಂಡಿದರೆ ಪಿಒಪಿಯೆಲ್ಲ ಬೋಗುಣಿಗೇ ಹೋಗುತ್ತದೆ. ಒಂದು ತುಂಡಿನ ಅರ್ಧದ ಮೇಲೆ ಇನ್ನೊಂದು ಬರಲಿ, ಒಂದು ಪದರ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಮೂರು ಪದರ ಸಾಕು, ಕಾಲಿಗೆ ಮಾತ್ರ ನಾಲ್ಕು. ಅಂಟಿಸಿದ ಕೂಡಲೇ ಒದ್ದೆ ಬೆರಳಿನಿಂದ ಸವರಿದರೆ ಬಟ್ಟೆಯ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಕೆಲವೇ ನಿಮಿಷಕ್ಕೆ ಬಿಗಿಯುತ್ತದೆ. ನೀರು ಬಿಸಿಯಿದ್ದರೆ ಇನ್ನೂ ಬೇಗ, ಹಾಗಾಗಿ ಬೇಸಿಗೆಯಲ್ಲಿ ನಾನು ಮಡಿಕೆ ನೀರು ಬಳಸುತ್ತೇನೆ.

ಬಿಗಿಯುವಾಗ ಮೈ ಬೆಚ್ಚಗಾಗುತ್ತದೆ. ಜಿಪ್ಸಂ ಅನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಅದರೊಳಗಿನ ನೀರನ್ನು ಬಹುಪಾಲು ತೆಗೆದ ಪುಡಿಯೇ ಪಿಒಪಿ. ನೀರು ಸಿಕ್ಕ ಕೂಡಲೇ ಅದು ಮತ್ತೆ ಜಿಪ್ಸಂ ಆಗುತ್ತದೆ, ಆಗ ಶಾಖ ಬಿಡುತ್ತದೆ. ತೆಳ್ಳಗಿನ ಪದರಕ್ಕೆ ಇದು ಏನೂ ಅಲ್ಲ. ಆದರೆ ಮಕ್ಕಳು ಜೊತೆಗಿದ್ದರೆ ಅವರ ಕೈ ಬೆರಳಿಗೆ ದಪ್ಪಗೆ ಸುತ್ತಿ ಆಡಲು ಬಿಡಲೇಬೇಡಿ, ಪಿಒಪಿ ಕಲಸಿದ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕೂರಲೂ ಬಿಡಬೇಡಿ. ಸುಡುತ್ತದೆ. ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ. ರಾತ್ರಿಯಿಡೀ ಬಿಟ್ಟು, ಮೇಲಿನ ನೀರು ಬಸಿದು, ತಳದ ಗಷ್ಟು ಕಸಕ್ಕೆ ಹಾಕಿ.

ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ಹಲ್ಲಿನ ಸಾಲಿಗೆ ಬಟ್ಟೆ ಬಗ್ಗುವುದಿಲ್ಲ. ಅಲ್ಲಿಗೆ ಗೋಡೆಗೆ ಹಚ್ಚುವ ಪುಟ್ಟಿಯನ್ನು ಚೂರು ಫೆವಿಕಾಲ್ ಸೇರಿಸಿ ಹಚ್ಚುತ್ತೇನೆ. ಕಣ್ಣನ್ನು ಕೊನೆಗೆ ಮಾಡಿ ಅನ್ನುವವರಿದ್ದಾರೆ. ನಾನು ಮೊದಲೇ ಮಾಡುತ್ತೇನೆ, ಪ್ರಾಣಿ ಎತ್ತ ನೋಡುತ್ತಿದೆ ಅಂತ ಗೊತ್ತಾದರೆ ಕುತ್ತಿಗೆಯ ಸುಕ್ಕು ಎಲ್ಲಿ ಬರಬೇಕು ಅನ್ನುವುದೂ ಗೊತ್ತಾಗುತ್ತದೆ.

ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಗದಗಿನ ಬಿಸಿಲಿನಲ್ಲಿ ಎರಡು ದಿನಕ್ಕೆ ಒಣಗುವುದು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವಾರವಾದರೂ ತಣ್ಣಗೇ ಇರುತ್ತದೆ. ಕೆನ್ನೆಗೆ ಹಿಡಿದು ನೋಡಿ, ತಂಪು ಹತ್ತಿದರೆ ಒಳಗೆ ನೀರಿದೆ ಅಂತಲೇ ಲೆಕ್ಕ. ಆಗ ಬಣ್ಣ ಬಳಿದರೆ ಬೂಸ್ಟು ಬರುತ್ತದೆ. ಪೂರ್ತಿ ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೈ, ಅದರ ಮೇಲೆ ಅಕ್ರಿಲಿಕ್ ಬಣ್ಣ, ಮೇಲೆ ವಾರ್ನಿಶ್. ಇಷ್ಟು ಮಾಡಿದರೂ ಅಂಗಳದಲ್ಲಿ ಇಡುವಂತಿಲ್ಲ. ಜಿಪ್ಸಂ ಮಳೆ ನೀರಿಗೆ ನಿಧಾನವಾಗಿ ಕರಗುತ್ತದೆ, ಮೊದಲು ಹೋಗುವುದು ಪಾದ. ಪಡಸಾಲೆಯಲ್ಲಿ, ಗೋಡೆಗೆ ತಾಗದ ಹಾಗೆ ಇಡಿ.